ಮನೆಯೊಳಗಿನ ಹೊಡೆತ ಮತ್ತು ಹೊರಗೆ ಕುಳಿತ ಗಂಡಸರು

ಗಂಡನಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದ ಹೆಣ್ಣುಮಕ್ಕಳ ಪ್ರಮಾಣ ಕರ್ನಾಟಕದಲ್ಲಿ ಶೇ. 44.4 ಎಂದು 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದಾಖಲಿಸಿತು. ಇದು ಮದುವೆಯಾದ, 18ರಿಂದ 49 ವರ್ಷದೊಳಗಿನವರ ಲೆಕ್ಕ. ಅದರ ಹಿಂದಿನ ಸುತ್ತಿನಲ್ಲಿ ಇದೇ ಪ್ರಮಾಣ ಶೇ. 20.6 ಇತ್ತು, ಇಡೀ ದೇಶದ ಸರಾಸರಿ ಐದನೆಯ ಸುತ್ತಿನಲ್ಲಿ ಶೇ. 29.3. ಈ ಏರಿಕೆಯಲ್ಲಿ ಒಂದು ಪಾಲು ಹೆಂಗಸರು ಬಾಯಿಬಿಟ್ಟು ಹೇಳಲು ತೊಡಗಿದ್ದರಿಂದ ಬಂದಿರಬಹುದು. ಹಾಗೆಂದು ಒಪ್ಪಿಕೊಂಡರೂ ಹತ್ತು ಮನೆಗಳಲ್ಲಿ ನಾಲ್ಕು ಮನೆಗಳ ವಿಷಯ ಇದು ಎಂಬುದು ಬದಲಾಗುವುದಿಲ್ಲ.

ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಎದುರು ಮಾತಾಡಿದರೆ, ಹಾಸಿಗೆಗೆ ಬರಲು ಒಲ್ಲೆನೆಂದರೆ, ಅಡುಗೆ ಕೆಟ್ಟರೆ, ನಡತೆಯ ಮೇಲೆ ಶಂಕೆ ಬಂದರೆ, ಅತ್ತೆ ಮಾವಂದಿರಿಗೆ ಅಗೌರವ ತೋರಿದರೆ, ಈ ಏಳರಲ್ಲಿ ಯಾವುದಾದರೂ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂಬ ಪ್ರಶ್ನೆ ಅದು. ಕರ್ನಾಟಕದ ಗಂಡಸರಲ್ಲಿ ಶೇ. 81.9 ಮಂದಿ ಸರಿ ಎಂದರು, ಹೆಂಗಸರಲ್ಲೂ ಶೇ. 76.9 ಮಂದಿ ಹಾಗೆಯೇ ಹೇಳಿದರು. ಹಿಮಾಚಲ ಪ್ರದೇಶದ ಗಂಡಸರಲ್ಲಿ ಹಾಗೆಂದವರು ಶೇ. 14.2 ಮಾತ್ರ. ಅವರೂ ಬೆಟ್ಟದ ಮೇಲೆ ತೋಟ ಮಾಡಿಕೊಂಡು ಬದುಕುವ ಜನ, ಅವರಿಗೂ ಸಿಟ್ಟು ಬರುತ್ತದೆ, ಅವರ ಮನೆಗಳಲ್ಲೂ ಅಡುಗೆ ಕೆಡುತ್ತದೆ. ಹಾಗಾದರೆ ಈ ಅಂತರ ಗಂಡಸಿನ ಹುಟ್ಟುಗುಣದಿಂದ ಬಂದದ್ದಾಗಿರಲಾರದು. ಸುತ್ತಲಿನವರು ಏನನ್ನು ಸರಿ ಎನ್ನುತ್ತಾರೆ, ಯಾವುದಕ್ಕೆ ಮುಖ ಸಿಂಡರಿಸುತ್ತಾರೆ ಎಂಬುದರಿಂದಲೇ ಬಂದಿರಬೇಕು. ಹೊಡೆಯುವವನು ಒಬ್ಬನೇ ಆದರೂ ಹೊಡೆದರೆ ಏನೂ ಆಗುವುದಿಲ್ಲ ಎಂಬ ಭರವಸೆಯನ್ನು ಅವನಿಗೆ ಕೊಟ್ಟವರು ಬೇರೆ ಗಂಡಸರು. ಆ ಭರವಸೆಯನ್ನು ಹಿಂದಕ್ಕೆ ಪಡೆಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಸಿಟ್ಟಿನ ಮಾತು. ಸಿಟ್ಟು ತಡೆಯಲಾಗದೆ ಕೈ ಎತ್ತಿದ ಎಂಬ ಸಮಜಾಯಿಷಿಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಇದೇ ಮನುಷ್ಯ ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯ ದರ ಇಳಿಸಿ ಹೇಳಿದವನಿಗೆ ಹೊಡೆಯುವುದಿಲ್ಲ. ಸಹಕಾರ ಸಂಘದಲ್ಲಿ ಸಾಲದ ಅರ್ಜಿಯನ್ನು ಮೂರು ಸಲ ಹಿಂದಕ್ಕೆ ಕಳಿಸಿದರೂ ಅವನು ನಾಲ್ಕನೆಯ ಸಲ ಕೈಮುಗಿದು ನಿಲ್ಲುತ್ತಾನೆ. ಎಲ್ಲಿ ಸಿಟ್ಟು ನುಂಗಬೇಕು, ಎಲ್ಲಿ ಕಾರಬಹುದು ಎಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಕುಡಿತದ ವಿಷಯವೂ ಇದಕ್ಕೆ ಸಮೀಪದ್ದೇ. ಗಂಡ ಪದೇ ಪದೇ ಕುಡಿದು ಬರುವ ಮನೆಗಳಲ್ಲಿ ಶೇ. 70ರಷ್ಟು ಹೆಂಗಸರು ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಕಂಡಿದ್ದರೆ, ಗಂಡ ಕುಡಿಯದ ಮನೆಗಳಲ್ಲಿ ಅದು ಶೇ. 23 ಎಂದು ಅದೇ ಸಮೀಕ್ಷೆಯ ರಾಷ್ಟ್ರಮಟ್ಟದ ಅಂಕಿಗಳು ಹೇಳುತ್ತವೆ. ಕುಡಿತ ಬಿಡಿಸುವ ಕೆಲಸಕ್ಕೆ ಖಂಡಿತ ಬೆಲೆಯಿದೆ, ಆದರೆ ಒಂದು ತೊಟ್ಟೂ ಮುಟ್ಟದ ನಾಲ್ವರಲ್ಲಿ ಸುಮಾರು ಒಬ್ಬನ ಹೆಂಡತಿಯೂ ಇಂಥ ಹಿಂಸೆ ಕಂಡಿದ್ದಾಳೆ ಎಂಬುದನ್ನು ಮರೆತು, ಎಲ್ಲವನ್ನೂ ಬಾಟಲಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಮಲೆನಾಡಿನಲ್ಲಿ ಈ ವಿಷಯಕ್ಕೆ ಊರಿನ ಸ್ವರೂಪವೂ ಸೇರಿಕೊಳ್ಳುತ್ತದೆ. ಬಯಲುಸೀಮೆಯ ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಒಂದು ಮನೆಯ ಕೂಗು ನಾಲ್ಕು ಮನೆಗೆ ಕೇಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದಿನಲ್ಲಿ ಒಳಕೋಣೆಯ ಕೂಗು ಜಗಲಿಗೂ ಕೇಳುವುದಿಲ್ಲ, ಕರೆಂಟು ಹೋದರೆ ಮೊಬೈಲಿನ ನೆಟ್‌ವರ್ಕ್ ಕೂಡ ಹೋಗುತ್ತದೆ, ಬಸ್ಸು ಸಿಗುವ ರಸ್ತೆಗೆ ಹಳ್ಳ ದಾಟಿ ನಡೆಯಬೇಕು. ಏಟು ತಿಂದವಳು ಆಸ್ಪತ್ರೆಗೆ ಬಂದಾಗ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದಳು ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ, ಏಕೆಂದರೆ ಮಳೆಗಾಲದಲ್ಲಿ ನಿಜವಾಗಿಯೂ ಜಾರಿ ಬೀಳುವವರು ಇಲ್ಲಿ ಬಹಳ. ಜೊತೆಗೆ ಬಂದ ಭಾವನೋ ಮೈದುನನೋ ವೈದ್ಯರೆದುರು ಆ ಮಾತನ್ನು ತಾನೇ ಮುಂದಾಗಿ ಆಡಿದರೆ, ಮುಂದೆ ಯಾವತ್ತೋ ನ್ಯಾಯಾಲಯದಲ್ಲಿ ಅವಳಿಗೆ ಆಸರೆಯಾಗಬಹುದಾಗಿದ್ದ ಒಂದು ದಾಖಲೆ ಆ ಗಳಿಗೆಯಲ್ಲೇ ಅಳಿಸಿಹೋಗುತ್ತದೆ. ಅವನು ಅಲ್ಲಿ ಸುಳ್ಳು ಹೇಳದೆ, ಅವಳು ವೈದ್ಯರೊಂದಿಗೆ ಒಬ್ಬಳೇ ಮಾತಾಡಲಿ ಎಂದು ಹೊರಗೆ ಹೋಗಿ ನಿಂತರೂ ಅದೊಂದು ದೊಡ್ಡ ಉಪಕಾರ.

ಇನ್ನು ಗಂಡಸರ ಮಾತುಕತೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿರುತ್ತಾರೆ; ಆಚೆ ಅಡಿಕೆ ಬೇಯಿಸುವ ಹಂಡೆಯ ಸುತ್ತ ಮೂರು ನಾಲ್ಕು ಗಂಡಸರು ಎಲೆಯಡಿಕೆ ಹಾಕುತ್ತ ಒಲೆಗೆ ಸೌದೆ ದೂಡುತ್ತಿರುತ್ತಾರೆ. ಸುಲಿಯಲು ಬರಬೇಕಿದ್ದ ಒಬ್ಬಾಕೆ ಎರಡು ದಿನದಿಂದ ಬಂದಿಲ್ಲ ಎಂಬ ಮಾತು ಬರುತ್ತದೆ. 'ಅವನಿಗೆ ಕೈ ಸ್ವಲ್ಪ ಮುಂದು, ಬಿಟ್ಟರೆ ಮನುಷ್ಯ ಒಳ್ಳೆಯವ' ಎನ್ನುತ್ತಾನೆ ಒಬ್ಬ. 'ಅವಳ ಬಾಯಿಯೂ ಕಡಿಮೆಯಿಲ್ಲ ಮಾರಾಯ' ಎನ್ನುತ್ತಾನೆ ಇನ್ನೊಬ್ಬ. ಮೂರನೆಯವನಿಗೆ ಇದು ಸರಿಕಾಣುವುದಿಲ್ಲ. ಆದರೂ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನೆನಪಾಗಿ ಸುಮ್ಮನಾಗುತ್ತಾನೆ. ಆ ಮೂರನೆಯವನೇ ಇಲ್ಲಿ ಮುಖ್ಯ. ತನಗೆ ಅನಿಸಿದ್ದನ್ನು ಅವನು ಒಂದೇ ವಾಕ್ಯದಲ್ಲಿ, ದನಿಯೇರಿಸದೆ, 'ಬಾಯಿ ಎಷ್ಟೇ ಇರಲಿ, ಹೊಡೆಯುವುದು ತಪ್ಪು' ಎಂದು ಹೇಳಿದ್ದರೆ ಉಳಿದಿಬ್ಬರಿಗೆ ಸಿಕ್ಕ ಒಪ್ಪಿಗೆ ಅಲ್ಲಿಗೇ ಮುರಿಯುತ್ತಿತ್ತು. ಇಂಥ ಗುಂಪುಗಳಲ್ಲಿ ಕೆಲವು ಗಂಡಸರು ಒಳಗೊಳಗೇ ಹಿಂಸೆಯನ್ನು ಒಪ್ಪದಿದ್ದರೂ ಉಳಿದವರೆಲ್ಲ ಒಪ್ಪುತ್ತಾರೆಂದು ಭಾವಿಸಿ ಸುಮ್ಮನಿರುತ್ತಾರೆ. ಮಾತಾಡಿದರೆ ಹೆಂಡತಿಯ ಗುಲಾಮ, ಬಳೆ ತೊಟ್ಟವನು ಎಂಬ ಹಂಗಣೆ ಬರುತ್ತದೆಂಬ ಅಂಜಿಕೆ ಬೇರೆ. ಒಬ್ಬ ಮಾತಾಡಿದರೆ ಇನ್ನೊಬ್ಬನಿಗೆ ಧೈರ್ಯ ಬರುತ್ತದೆ ಎಂಬ ಸರಳ ಸಂಗತಿಯ ಮೇಲೆ ಜಗತ್ತಿನ ಹಲವು ಕಡೆ ಕಾರ್ಯಕ್ರಮಗಳು ನಡೆದಿವೆ. ಉಗಾಂಡದ ಕಂಪಾಲಾ ನಗರದ ಬಡಾವಣೆಗಳಲ್ಲಿ ಅಲ್ಲಿನ ಜನರೇ, ಗಂಡಸರೂ ಹೆಂಗಸರೂ ಸೇರಿ, ವರ್ಷಗಟ್ಟಲೆ ನೆರೆಹೊರೆಯವರೊಡನೆ ಅಧಿಕಾರ ಮತ್ತು ಹಿಂಸೆಯ ಕುರಿತು ಮಾತುಕತೆ ನಡೆಸಿದ 'ಸಾಸಾ' ಎಂಬ ಕಾರ್ಯಕ್ರಮವನ್ನು ಅಳೆದು ನೋಡಿದಾಗ, ಅದು ನಡೆಯದ ಬಡಾವಣೆಗಳಿಗಿಂತ ನಡೆದ ಬಡಾವಣೆಗಳಲ್ಲಿ ಸಂಗಾತಿಯಿಂದಾಗುವ ದೈಹಿಕ ಹಿಂಸೆ ಶೇ. 52ರಷ್ಟು ಕಡಿಮೆಯಿತ್ತು.

ಮಲೆನಾಡಿನ ಗಂಡಸರು ಇಂಥ ವಿಷಯದಲ್ಲಿ ತಲೆಹಾಕುವುದೇ ಇಲ್ಲ ಎನ್ನುವಂತಿಲ್ಲ. ಹಾಕುತ್ತಾರೆ, ಹಿರಿಯರು ಸೇರಿ ಪಂಚಾಯ್ತಿ ಮಾಡುತ್ತಾರೆ. ನನಗೆ ಮೌನಕ್ಕಿಂತಲೂ ಹೆಚ್ಚು ಆತಂಕ ಇರುವುದು ಇದರ ಬಗ್ಗೆ. ಐದಾರು ಗಂಡಸರು ಕುಳಿತಿರುತ್ತಾರೆ, ಗಂಡ ಒಂದು ಕಡೆ, ಹೆಂಡತಿ ಬಾಗಿಲ ಮರೆಯಲ್ಲಿ. ಗಂಡನಿಗೆ ನಾಲ್ಕು ಬೈಗುಳ ಬೀಳುತ್ತವೆ, 'ಇನ್ನು ಮುಂದೆ ಕೈ ಎತ್ತಬೇಡ' ಎಂದು ಮಾತು ತೆಗೆದುಕೊಳ್ಳುತ್ತಾರೆ. ಆಮೇಲೆ ಅವಳ ಕಡೆ ತಿರುಗಿ 'ನೀನೂ ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು' ಎನ್ನುತ್ತಾರೆ. ರಾಜಿಯಾಯಿತು ಎಂದು ಎಲ್ಲರೂ ಕಾಫಿ ಕುಡಿದು ಎದ್ದುಹೋಗುತ್ತಾರೆ. ಅವಳು ಊರೆದುರು ತನ್ನ ಮಾನ ಕಳೆದಳೆಂಬ ಸಿಟ್ಟನ್ನು ಹೊತ್ತ ಗಂಡನೊಂದಿಗೆ ಅದೇ ರಾತ್ರಿ ಅದೇ ಮನೆಯಲ್ಲಿ ಉಳಿಯುತ್ತಾಳೆ. ಅಲ್ಲಿ ಕುಳಿತವರ ಉದ್ದೇಶ ಒಳ್ಳೆಯದೇ ಇದ್ದರೂ ಹೊಡೆದವನನ್ನೂ ಹೊಡೆಸಿಕೊಂಡವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ ಅವಳಿಗಿದ್ದ ಕೊನೆಯ ದಾರಿಯೂ ಮುಚ್ಚಿದಂತಾಗುತ್ತದೆ. ಹಿಂಸೆ ಅನುಭವಿಸಿದ ಹೆಂಗಸರಲ್ಲಿ ದೇಶದಾದ್ಯಂತ ಶೇ. 77 ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ ಎಂಬ ಅಂಕಿಯ ಹಿಂದೆ ಹೇಳಿ ನೋಡಿದವರ ಇಂಥ ಅನುಭವಗಳ ಸುದ್ದಿಯೂ ಇದೆ ಎಂದು ನಾನು ನಂಬುತ್ತೇನೆ. ಆದ್ದರಿಂದ ನೆರವಿಗೆ ಹೋಗುವ ಗಂಡಸು ನೆನಪಿಡಬೇಕಾದ ಮೊದಲ ಸಂಗತಿಯೆಂದರೆ, ಅವಳು ಆ ಮನೆಯಲ್ಲಿ ಇರಬೇಕೋ ಬಿಡಬೇಕೋ, ದೂರು ಕೊಡಬೇಕೋ ಬೇಡವೋ ಎಂಬ ತೀರ್ಮಾನ ಅವಳದು. ದಾರಿಗಳು ಯಾವುವು ಎಂದು ತಿಳಿಸಿ, ಅವಳು ಆರಿಸಿದ ದಾರಿಯಲ್ಲಿ ಜೊತೆಗಿರುವುದು ಮಾತ್ರ ಅವನ ಕೆಲಸ.

ಆ ದಾರಿಗಳು ಗೊತ್ತಿರಬೇಕಾದರೆ ಕಾನೂನಿನ ಸ್ವಲ್ಪ ಪರಿಚಯ ಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಆಗಿ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ ಹಿಂಸೆ, ಮಾತಿನ ಮತ್ತು ಮಾನಸಿಕ ಹಿಂಸೆ, ಆರ್ಥಿಕ ಹಿಂಸೆ ಇವನ್ನೂ ಅದು ಹಿಂಸೆಯೆಂದೇ ಹೇಳುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂದ ದಿನವೇ ಎಟಿಎಂ ಕಾರ್ಡು ಕಸಿದುಕೊಳ್ಳುವುದು, ಕೂಲಿಯ ಹಣವನ್ನು ಕೈಗೆ ಸಿಗದಂತೆ ಮಾಡುವುದು, ತವರಿನ ಒಡವೆಯನ್ನು ಕೇಳದೆ ಅಡವಿಡುವುದು ಆರ್ಥಿಕ ಹಿಂಸೆಯಾಗಬಹುದು. ಮನೆ ಮಾವನ ಹೆಸರಿನಲ್ಲಿದೆ, ಅವಳಿಗೇನು ಹಕ್ಕು ಎಂಬ ಪ್ರಶ್ನೆ ಅವಿಭಕ್ತ ಆಸ್ತಿಯಿರುವ ತೋಟದ ಮನೆಗಳಲ್ಲಿ ತಪ್ಪದೆ ಏಳುತ್ತದೆ. ಗಂಡನ ಸಂಬಂಧಿಕರ ಹೆಸರಿನಲ್ಲಿರುವ ಮನೆಯಾದರೂ ಅವಳು ಸಂಸಾರ ಮಾಡಿಕೊಂಡಿದ್ದ ಮನೆಯಾಗಿದ್ದರೆ ಅಲ್ಲಿ ವಾಸಿಸುವ ಹಕ್ಕನ್ನು ಅವಳು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ.

ನೆರೆಯ ಗಂಡಸಿಗೆ ಬೇಕಾದದ್ದು ಈ ಕಾಯ್ದೆಯ ನಾಲ್ಕನೆಯ ಸೆಕ್ಷನ್. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು; ಸದುದ್ದೇಶದಿಂದ ಕೊಟ್ಟ ಮಾಹಿತಿಗಾಗಿ ಅವರ ಮೇಲೆ ಸಿವಿಲ್ ಇಲ್ಲವೇ ಕ್ರಿಮಿನಲ್ ಹೊಣೆ ಬರುವುದಿಲ್ಲ. 'ನನಗ್ಯಾಕೆ ಕೋರ್ಟು ಕಚೇರಿ ಉಸಾಬರಿ' ಎಂದು ಹಿಂಜರಿಯುವವರಿಗೆ ಕಾನೂನೇ ಕೊಟ್ಟಿರುವ ಅಭಯ ಇದು. ಆದರೂ ಇದು ಗೊತ್ತಿರುವವರು ಬಹಳ ಕಡಿಮೆ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ನಾವು ಸಿಡಿಪಿಒ ಎಂದು ಕರೆಯುವವರು, ಸಂರಕ್ಷಣಾಧಿಕಾರಿಯೂ ಹೌದು. ಅವರ ಕಚೇರಿ ಎಲ್ಲಿದೆ ಎಂದು ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಹಿಂಸೆಗೊಳಗಾದ ಹೆಂಗಸರ ನೆರವಿಗೆ ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರವಿದೆ, ಸಾಂತ್ವನ ಕೇಂದ್ರಗಳಿವೆ. ವಕೀಲರ ಖರ್ಚಿಗೆ ಹೆದರಬೇಕಿಲ್ಲ, ಆದಾಯ ಎಷ್ಟೇ ಇರಲಿ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಂಖ್ಯೆ 15100. ಗಂಡ ಅಥವಾ ಅವನ ಕಡೆಯವರ ಕ್ರೌರ್ಯಕ್ಕೆ ಹಿಂದೆ ಭಾರತೀಯ ದಂಡ ಸಂಹಿತೆಯ 498ಎ ಎಂದು ಹೆಸರಾಗಿದ್ದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಸೆಕ್ಷನ್ನಿನಲ್ಲಿದೆ. ಮೂರು ವರ್ಷದವರೆಗೆ ಜೈಲುಶಿಕ್ಷೆ.

ಈ ಕಾನೂನುಗಳ ದುರ್ಬಳಕೆಯಾಗುತ್ತದೆಯಲ್ಲ ಎಂಬ ಮಾತು ಗಂಡಸರ ಗುಂಪಿನಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಬಂದೇ ಬರುತ್ತದೆ. ಸುಳ್ಳು ದೂರುಗಳು ಇರುವುದು ನಿಜ, ಅವುಗಳಿಂದ ನೊಂದ ಸಂಸಾರಗಳೂ ಇವೆ. ಅವನ್ನು ಸೋಸಲು ನ್ಯಾಯಾಲಯವಿದೆ. ಆದರೆ ನೂರರಲ್ಲಿ ಎಪ್ಪತ್ತೇಳು ಮಂದಿ ಅಕ್ಕತಂಗಿಯರ ಹತ್ತಿರವೂ ಹೇಳಿಕೊಳ್ಳದ ನಾಡಿನಲ್ಲಿ, ಪಕ್ಕದ ಮನೆಯಲ್ಲಿ ಕೂಗು ಕೇಳಿದಾಗ ಮೊದಲು ನೆನಪಾಗಬೇಕಾದದ್ದು ಸುಳ್ಳು ದೂರಿನ ಸಾಧ್ಯತೆಯಲ್ಲ.

ಕೂಗು ಕೇಳಿದ ಆ ಹೊತ್ತಿನಲ್ಲಿ ಏನು ಮಾಡಬೇಕು? 'ಬ್ರೇಕ್‌ಥ್ರೂ' ಎಂಬ ಸಂಸ್ಥೆ 2008ರಲ್ಲಿ ಶುರುಮಾಡಿದ 'ಬೆಲ್ ಬಜಾವೊ' ಅಭಿಯಾನ ಇದಕ್ಕೆ ಬಹಳ ಸರಳವಾದ ಉತ್ತರ ಕೊಟ್ಟಿತು. ಹೋಗಿ ಬಾಗಿಲು ತಟ್ಟಿ, ಏನಾದರೂ ನೆವ ಹೇಳಿ, ಹಾಲು ಬೇಕಿತ್ತು ಎನ್ನಿ, ಒಂದು ಫೋನ್ ಮಾಡಬೇಕಿತ್ತು ಎನ್ನಿ. ಹೊರಗಿನವರಿಗೆ ಕೇಳಿಸಿದೆ ಎಂದು ಗೊತ್ತಾದೊಡನೆ ಎತ್ತಿದ ಕೈ ಅನೇಕ ಸಲ ಇಳಿಯುತ್ತದೆ. ಒಂಟಿಮನೆಗಳ ನಾಡಿನಲ್ಲಿ ಇದು ಆಗುವ ಮಾತಲ್ಲ ಎನ್ನುವವರಿಗೆ ದೀಪಾವಳಿಯ ಅಂಟಿಗೆ ಪಂಟಿಗೆಯನ್ನು ನೆನಪಿಸಬೇಕು. ಊರ ಗಂಡಸರು ದೀಪ ಹಿಡಿದು, ಹಾಡುತ್ತ, ಗುಡ್ಡ ಹತ್ತಿ ಹಳ್ಳ ಇಳಿದು, ಸರಿರಾತ್ರಿಯಲ್ಲಿ ಒಂದೂ ಬಿಡದಂತೆ ಮನೆಮನೆಯ ಬಾಗಿಲಿಗೆ ಹೋಗುವ ರೂಢಿ ಇಲ್ಲಿ ಇಂದಿಗೂ ಇದೆ. ಯಾವ ಮನೆಗೆ ಯಾವ ಕಾಲುದಾರಿ ಎಂಬುದು ಅವರಿಗೆ ಕತ್ತಲಲ್ಲೂ ಗೊತ್ತು. ಆ ದಾರಿಯನ್ನು ವರ್ಷದ ಬೇರೆ ದಿನಗಳಲ್ಲೂ ತುಳಿಯಲು ಅಡ್ಡಿಯೇನಿದೆ?

ಹೋಗುವಾಗ ಒಬ್ಬನೇ ಹೋಗದೆ ಇನ್ನೊಬ್ಬರನ್ನು, ಸಾಧ್ಯವಾದರೆ ಮನೆಯ ಹೆಂಗಸರನ್ನು, ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಕತ್ತಿಯೋ ಕೋವಿಯೋ ಕೈಗೆ ಬಂದಿದೆ ಎಂದರೆ ಒಳನುಗ್ಗದೆ 112ಕ್ಕೆ ಕರೆಮಾಡಬೇಕು. ತೋಟದ ಮನೆಗಳಲ್ಲಿ ಎರಡೂ ಇರುತ್ತವೆ. ಹೊಡೆಯುವವನಿಗೆ ನಾಲ್ಕು ಬಿಗಿದು ಬುದ್ಧಿ ಕಲಿಸುವ ಉತ್ಸಾಹ ಕೆಲವರಿಗೆ ಬರುತ್ತದೆ, ಅದರ ಬಡ್ಡಿಯನ್ನು ಮಾರನೆಯ ದಿನ ಅವಳೇ ಕಟ್ಟಬೇಕಾಗುತ್ತದೆ. ಅವನೆದುರಿಗೆ ಅವಳನ್ನು 'ಏನಾಯ್ತಕ್ಕ, ಹೊಡೆದ್ನಾ?' ಎಂದು ಕೇಳಬಾರದು, ಅವಳು ಇಲ್ಲವೆಂದೇ ಹೇಳುತ್ತಾಳೆ. ಅವನಿಲ್ಲದ ಹೊತ್ತಿನಲ್ಲಿ ಅವಳು ನಂಬುವ ಹೆಂಗಸಿನ ಮೂಲಕ ಮಾತು ತಲುಪಿಸಬಹುದು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆಯ ಕಾಗದಗಳ ಪ್ರತಿಗಳನ್ನು ಬೇರೆ ಮನೆಯಲ್ಲಿ ಇಟ್ಟುಕೊಡುವುದು, ರಾತ್ರಿ ಹೊತ್ತಿನಲ್ಲಿ ಹೊರಡಬೇಕಾಗಿ ಬಂದರೆ ಜೀಪನ್ನೋ ಆಟೋವನ್ನೋ ಯಾರು ತರುತ್ತಾರೆ ಎಂದು ಮೊದಲೇ ಮಾತಾಡಿಟ್ಟುಕೊಳ್ಳುವುದು ಸಣ್ಣ ಸಂಗತಿಗಳಂತೆ ಕಂಡರೂ ಬಸ್ಸಿಲ್ಲದ ಊರಿನಲ್ಲಿ ಜೀವ ಉಳಿಸುವಂಥವು.

ಹೊಡೆದವನೊಂದಿಗೆ ಮಾತಾಡುವುದು ಬೇರೆಯೇ ಕೆಲಸ. ಅದಕ್ಕೆ ಅವನು ಕುಡಿಯದ ಹೊತ್ತು ಬೇಕು, ಅವನು ಬೆಲೆಕೊಡುವ ಮನುಷ್ಯ ಬೇಕು: ಅಣ್ಣ, ಸೋದರಮಾವ, ಹಳೆಯ ಮೇಷ್ಟ್ರು, ಒಟ್ಟಿಗೆ ವಾಲಿಬಾಲ್ ಆಡುತ್ತಿದ್ದ ಗೆಳೆಯ. ಹೆಂಡತಿ ಹೇಳಿದಳು ಎಂದು ಶುರುಮಾಡಿದರೆ ಅವಳಿಗೆ ಅಪಾಯ. 'ನಾನು ಕಣ್ಣಾರೆ ಕಂಡೆ, ನನಗೆ ಸರಿಬರಲಿಲ್ಲ' ಎಂದು ತನ್ನ ಮೇಲೆ ಹಾಕಿಕೊಂಡು ಹೇಳಬೇಕು. ಅವನು ಅವಳ ತಪ್ಪುಗಳ ಪಟ್ಟಿ ಬಿಚ್ಚುತ್ತಾನೆ. ಅದನ್ನು ಕೇಳಿಸಿಕೊಂಡ ಮೇಲೂ ಮಾತು ಹೊಡೆತಕ್ಕೇ ಹಿಂದಿರುಗಬೇಕು. ಒಂದು ಸಲ ಹೇಳಿ ಮುಗಿಯುವುದಿಲ್ಲ. ಕುಡಿತ ಬಿಡಬೇಕೆಂಬ ಮನಸ್ಸು ಅವನಲ್ಲಿ ಹುಟ್ಟಿದರೆ ಮನೋವೈದ್ಯರ ಬಳಿಗೆ ಜೊತೆಗೆ ಹೋಗುವವನೂ ಬೇಕು.

ಬಹಳ ಹಿಂದಿನಿಂದಲೇ ಶುರುವಾಗಬೇಕಾದ ಕೆಲಸವೂ ಇದೆ. 1991ರಲ್ಲಿ ಮುಂಬಯಿಯ ಪತ್ರಿಕೆಯೊಂದರಲ್ಲಿ, ಹೆಂಡತಿ ಹೊಡೆಸಿಕೊಳ್ಳಲು ಇರುವವಳಲ್ಲ ಎಂದು ನಂಬುವ ಗಂಡಸರು ಬೇಕಾಗಿದ್ದಾರೆ ಎಂಬ ಜಾಹೀರಾತು ಪತ್ರಕರ್ತರೊಬ್ಬರಿಂದ ಪ್ರಕಟವಾಯಿತು. 205 ಮಂದಿ ಬರೆದರು. ಅದರಿಂದ 1993ರಲ್ಲಿ ಹುಟ್ಟಿದ 'ಮಾವಾ' ಎಂಬ ಗಂಡಸರ ಸಂಘಟನೆ ಕಾಲೇಜು ಹುಡುಗರ ನಡುವೆ ಕೆಲಸ ಮಾಡುತ್ತ ಬಂದಿದೆ. ಅದೇ ಮುಂಬಯಿಯಲ್ಲಿ ಕ್ರಿಕೆಟ್ ತರಬೇತುದಾರರಿಗೇ ತರಬೇತಿ ಕೊಟ್ಟು, ಆಟದ ಜೊತೆಗೆ ಹುಡುಗಿಯರನ್ನು ಗೌರವದಿಂದ ಕಾಣುವ ಪಾಠವನ್ನು ಅವರ ಬಾಯಿಂದಲೇ ಹೇಳಿಸಿದ ಪ್ರಯೋಗವೂ ನಡೆದಿದೆ. ಭದ್ರಾವತಿಯ ಮೈದಾನದಲ್ಲಾಗಲಿ ಸೊರಬದ ಶಾಲೆಯಂಗಳದಲ್ಲಾಗಲಿ ಹದಿನಾಲ್ಕರ ಹುಡುಗ ಅಪ್ಪನ ಮಾತಿಗಿಂತ ಕೋಚ್ ಮಾತಿಗೆ ಬೇಗ ಕಿವಿಗೊಡುತ್ತಾನೆ. ಕ್ಯಾಚ್ ಬಿಟ್ಟವನನ್ನು 'ಹೆಣ್ಣಿಗನಂತೆ ಆಡ್ತೀಯಲ್ಲೋ' ಎಂದು ಕೋಚ್ ಬೈದರೆ ಹುಡುಗ ಕಲಿಯುವುದು ಒಂದು, ಹಾಗೆ ಬೈದ ಸಹಆಟಗಾರನನ್ನು ಕೋಚ್ ತಡೆದರೆ ಕಲಿಯುವುದು ಇನ್ನೊಂದು. ಮನೆಯಲ್ಲಿ ಅಪ್ಪ ಉಂಡ ತಟ್ಟೆಯನ್ನು ತಾನೇ ತೊಳೆದಿಡುವುದನ್ನು ಕಂಡು ಬೆಳೆದವನಿಗೆ ಊಟ ತಡವಾಯಿತೆಂದು ಕೂಗಾಡುವುದು ಅಷ್ಟು ಸಹಜವೆನಿಸಲಾರದು.

ಮದುವೆಯ ಮಾತುಕತೆಯಲ್ಲೂ ಗಂಡಸರದೇ ಮೇಲುಗೈ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಆದರೂ ಉಡುಗೊರೆ, ಮರ್ಯಾದೆ, ಹುಡುಗನಿಗೊಂದು ಕಾರು ಎಂಬ ಹೆಸರುಗಳಲ್ಲಿ ಅದು ನಡೆಯುತ್ತಿದೆ, ಮತ್ತು ಮನೆಗೆ ಬಂದ ಹೆಣ್ಣಿನ ಮೇಲೆ ನಂತರ ನಡೆಯುವ ಹಿಂಸೆಗೆ ಅನೇಕ ಸಲ ಆ ಲೆಕ್ಕದ ಬಾಕಿಯೇ ನೆಪವಾಗುತ್ತದೆ. ಕುಪ್ಪಳಿಯ ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ಸರಳ ಮದುವೆ ಶಿವಮೊಗ್ಗ ಜಿಲ್ಲೆಯದೇ ಕೊಡುಗೆ. ಅದನ್ನು ಆರಿಸಿಕೊಳ್ಳಲು ವರ ಮತ್ತು ಅವನ ತಂದೆ ಒಪ್ಪಿದರೆ ಮಿಕ್ಕವರು ಅಡ್ಡ ಬರುವುದು ಕಷ್ಟ.

ಕೊನೆಗೆ, ಪ್ರಕರಣ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಗಂಡಸರ ಪಾಲಿಗೆ ಬರುವ ಒಂದು ಹೊಣೆಯ ಬಗ್ಗೆ ಹೇಳಬೇಕು, ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ. 2005ರ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ, ಅವಳ ಬದಲು ಅವನೇ ಮನೆ ಬಿಟ್ಟು ಹೋಗಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಸಂರಕ್ಷಣಾ ಆದೇಶವನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಹಾಗೆ ಹೊರಬಿದ್ದ ಗಂಡಸು ಎಲ್ಲಿಗೆ ಹೋಗುತ್ತಾನೆ? ಪೇಟೆಯ ಲಾಡ್ಜಿನಲ್ಲಿ ಎರಡು ದಿನ ಕಳೆದು, ಕೈಯ ಹಣ ಮುಗಿದು, ಕುಡಿದು, ಅದೇ ಅಂಗಳಕ್ಕೆ ವಾಪಸು ಬರುವ ಸಂಭವವೇ ಹೆಚ್ಚು, ಮತ್ತು ಅವಳಿಗೆ ಅತ್ಯಂತ ಅಪಾಯದ ಹೊತ್ತು ಅದು. ಅವನ ಅಣ್ಣನೋ ಗೆಳೆಯನೋ ತನ್ನ ಮನೆಯ ಒಂದು ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟು, ಎರಡು ಹೊತ್ತು ಊಟ ಹಾಕಿ, ತೋಟದ ಕೆಲಸಕ್ಕೆ ಹಚ್ಚಿ, ವಿಚಾರಣೆಯ ದಿನ ಕೋರ್ಟಿಗೆ ತಾನೇ ಕರೆದುಕೊಂಡು ಹೋಗಿ, ರಾತ್ರಿ ಅವನು ಬೈಕಿನ ಕೀಲಿ ಕೇಳಿದಾಗ ಕೊಡದೆ ಉಳಿದರೆ, ನ್ಯಾಯಾಲಯದ ಆದೇಶ ಆ ಒಂಟಿಮನೆಯಲ್ಲಿ ನಿಜವಾಗಿ ಜಾರಿಯಾಗುತ್ತದೆ.